ಹಿತ್ತಲಿಲ್ಲದವರಿಗೆ ಕೈತೋಟದ ಉಪದೇಶ

ಪತ್ರಿಕೆಗಳ ಭಾನುವಾರದ ಪುರವಣಿ ತೆರೆದರೆ ಕೈತೋಟದ್ದೇ ಭರಾಟೆ. ತಾರಸಿಯ ಕುಂಡದಲ್ಲಿ ಟೊಮೆಟೊ ಬೆಳೆಯಿರಿ, ಕಾಲಕ್ಕೆ ತಕ್ಕ ತರಕಾರಿ ತಿನ್ನಿರಿ, ತಾಜಾ ಇದ್ದುದನ್ನೇ ಆರಿಸಿರಿ. ಮಾತಿನಲ್ಲಿ ತಪ್ಪಿಲ್ಲ. ಆದರೆ ಇದನ್ನೆಲ್ಲ ಯಾರಿಗೆ ಹೇಳಲಾಗುತ್ತಿದೆ? ಅಬ್ಬೆತುಮಕೂರಿನ ಹೆಂಗಸಿಗೆ ಋತುಮಾನದ ಪಾಠ ಹೇಳಲು ಹೊರಟವರ ಮೇಲೆ ನಮ್ಮ ಮೊದಲ ತಕರಾರು ಇದು: ಆಕೆಗೆ ಅದು ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು.

ಮುಂಗಾರಿನಲ್ಲಿ ತೊಗರಿಯ ಅಕ್ಕಡಿ ಸಾಲಿಗೆ ಪುಂಡಿ ಬೀಳುತ್ತಿತ್ತು. ಎಳೆ ಎಲೆ ಪಲ್ಯಕ್ಕೆ, ಬಲಿತ ಕಡ್ಡಿಯ ನಾರು ಹಗ್ಗಕ್ಕೆ. ಹಿಂಗಾರಿಯ ಕಡಲೆ ಹೂ ಬಿಡುವ ಮೊದಲು ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಅಡುಗೆಗೆ ಕಡ್ಲಿ ಪಲ್ಯವೂ ಆಗುತ್ತದೆ. ಮಿಕ್ಕಿದ್ದನ್ನು ಒಣಗಿಸಿಟ್ಟರೆ ಬೇಸಿಗೆಗೂ ಇತ್ತು. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ, ಇದ್ದಬದ್ದ ಸೊಪ್ಪೆಲ್ಲ ಒಂದೇ ಗಡಿಗೆಗೆ ಬೀಳುತ್ತದೆ, ಜೊತೆಗೆ ಸಜ್ಜಿ ರೊಟ್ಟಿ. ಅಂದು ಹೊಲಕ್ಕೆ ಊಟಕ್ಕೆ ಕರೆಯುವವರು ಜಾತಿ ಕೇಳಿದ್ದನ್ನು ನಾವು ಕಂಡಿಲ್ಲ. ನಮ್ಮ ಮನೆಗಳಲ್ಲಿ ಅದೇ ಪುಂಡಿ ಅಂಬಾಡಾ ಎಂಬ ಹೆಸರಿನಿಂದ ಮಾಂಸದ ಜೊತೆ ಬೇಯುತ್ತದೆ. ಹುಣಸೆ ಚಿಗುರಿದಾಗ ಮಾಡುವ ‘ಚುಗರ್ ಗೋಶ್ತ್’ನ ಹೆಸರಿನಲ್ಲೇ ನಮ್ಮ ಚಿಗುರು ಕೂತಿದೆ. ಸೊಪ್ಪು ಅವರದು, ಮಾಂಸ ಇವರದು ಎಂದು ಗೆರೆ ಎಳೆಯುವವರು ಈ ಪಾತ್ರೆಯ ಮುಚ್ಚಳ ತೆಗೆದು ನೋಡಲಿ.

ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳು ಯಾಕೆ ಬೆಳೆಯುತ್ತಿಲ್ಲ? 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅಂಥವರು ಅರ್ಧಕ್ಕಿಂತ ಹೆಚ್ಚು. ರಾಜ್ಯದ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇದನ್ನು ‘ತಿಳಿವಳಿಕೆಯ ಕೊರತೆ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ.

ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆ ನೀರು ತಂದಿತು. ಅದು ಅರೆ ನೀರಾವರಿ ಬೆಳೆಗಳಿಗೆಂದು ಹಾಕಿದ ಯೋಜನೆ, ಬೆಳೆದದ್ದು ಭತ್ತ. ಕಾಲುವೆ ಮುಟ್ಟದ ಕಡೆ ಹತ್ತಿ ಬಂತು. ಭತ್ತದ ಗದ್ದೆಯಲ್ಲಿ ಅಕ್ಕಡಿ ಸಾಲಿಲ್ಲ. ಹತ್ತಿಯ ಹೊಲದಲ್ಲಿ ಕಳೆನಾಶಕವಿದೆ. ಕಳೆ ಎಂದು ಕೊಲ್ಲುವುದರಲ್ಲಿ ಗೋಳಿ ಪಲ್ಯವೂ ಇದೆ, ಕಿರಕಸಾಲಿಯೂ ಇದೆ. ಕಳೆ ತೆಗೆಯಲು ಹೋದವಳು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ತರುತ್ತಿದ್ದ ಪಲ್ಯಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಈಗ ಅವಳಿಗೆ ಆ ಕೂಲಿಯೂ ಇಲ್ಲ, ಆ ಪಲ್ಯವೂ ಇಲ್ಲ. ರೈತನನ್ನು ಬೈದು ಪ್ರಯೋಜನವಿಲ್ಲ. ಸಾಲ ತಂದು ಬಿತ್ತಿದವನು ಅಗ್ಗದ ದಾರಿ ಹಿಡಿಯುತ್ತಾನೆ.

2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಮನೆಯ ಹಸಿವು ನೀಗಿಸಿತು. ಅದನ್ನು ಹೀಗಳೆಯುವವರ ಜೊತೆ ನಾವಿಲ್ಲ. ಆದರೆ ತಟ್ಟೆಯಲ್ಲಿ ರೊಟ್ಟಿ ಹೋಗಿ ಅನ್ನ ಬಂದಾಗ ರೊಟ್ಟಿಯ ಬೆನ್ನಿಗಿದ್ದ ಪಲ್ಯವೂ ಹೋಯಿತು. ಒಣ ಜೋಳದ ರೊಟ್ಟಿ ಪಲ್ಯವಿಲ್ಲದೆ ಗಂಟಲಿಳಿಯದು, ಅನ್ನಕ್ಕೆ ತಿಳಿಸಾರು ಸಾಕು. 2021ರ ಡಿಸೆಂಬರಿನಲ್ಲಿ ಈ ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಎಷ್ಟು ಗದ್ದಲ! ನಾವು ಮೊಟ್ಟೆಯ ಪರ. ಆದರೂ ಆ ಗದ್ದಲದಲ್ಲಿ ಸಾರಿನೊಳಗೆ ಸೊಪ್ಪು ಎಷ್ಟಿದೆ ಎಂದು ಕೇಳಿದ ದನಿ ನಮ್ಮ ಕಿವಿಗೆ ಬೀಳಲಿಲ್ಲ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಎಂದು ಕೇಂದ್ರ ಸರಕಾರ 2019ರಲ್ಲೇ ಮಾರ್ಗಸೂಚಿ ಕಳಿಸಿದೆ. ಕಾಂಪೌಂಡೂ ನೀರೂ ಇಲ್ಲದ ಶಾಲೆಯಲ್ಲಿ ಅದು ಮೊದಲು ಮೇಕೆಗೆ ಪೌಷ್ಟಿಕವಾಗುತ್ತದೆ.

ಇನ್ನು ನಮ್ಮವರಿಗೂ ಒಂದು ಮಾತು. ಪಲ್ಯ ಮಾಡಿದ ದಿನ ಮೂಗು ಮುರಿದು ‘ಕ್ಯಾ ಘಾಸ್-ಫೂಸ್ ಪಕಾಯೇ’ ಎನ್ನುವ ಗಂಡಸರು ನಮ್ಮ ಮೊಹಲ್ಲಾಗಳಲ್ಲಿ ಕಡಿಮೆಯಿಲ್ಲ. ವಲೀಮಾದಲ್ಲಿ ಬಿರಿಯಾನಿಯ ಪಕ್ಕ ಒಂದು ಸೊಪ್ಪಿನ ಪದಾರ್ಥವಿಟ್ಟರೆ ಮನೆತನದ ಮರ್ಯಾದೆಯೇ ಹೋದಂತೆ. ಇವರಿಗೆ ಒಂದು ಹದೀಸ್ ನೆನಪಿಸಬೇಕು. ದರ್ಜಿಯೊಬ್ಬರು ಪ್ರವಾದಿಯವರನ್ನು ಊಟಕ್ಕೆ ಕರೆದು ಜವೆಗೋಧಿ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸದ ಸಾರು ಬಡಿಸಿದರು. ಪ್ರವಾದಿಯವರು ತಟ್ಟೆಯಲ್ಲಿ ಸೋರೆಯ ಹೋಳುಗಳನ್ನು ಹುಡುಕಿ ಹುಡುಕಿ ತಿನ್ನುವುದನ್ನು ಅನಸ್ ಕಂಡರು. ಅಂದಿನಿಂದ ಅವರಿಗೂ ಸೋರೆ ಪ್ರಿಯವಾಯಿತು. ಬುಖಾರಿಯಲ್ಲಿರುವ ಈ ಮಾತನ್ನು ಮಿಂಬರಿನಿಂದ ಕೇಳುವವರು ಮನೆಗೆ ಬಂದು ದಾಲ್ಚಾದಲ್ಲಿನ ಸೋರೆಯನ್ನು ಬದಿಗೆ ಸರಿಸುತ್ತಾರೆ! ಗಂಡಸು ಸರಿಸಿದ್ದನ್ನು ಮಕ್ಕಳೂ ಸರಿಸುತ್ತವೆ, ಮರುದಿನ ಹೆಂಗಸು ಅದನ್ನು ಮಾಡುವುದನ್ನೇ ಬಿಡುತ್ತಾಳೆ.

ಆಯ್ಕೆಯ ಮಾತೂ ಇಷ್ಟೇ. ಕಡ್ಡಿ ಚಟ್ಟನೆ ಮುರಿದರೆ ಪುಂಡಿ ಎಳೆಯದು, ನಾರೆದ್ದರೆ ಬಲಿತದ್ದು. ಇದು ಯಾದಗಿರಿಯ ಸಂತೆಗೆ ಬರುವ ಹುಡುಗಿಗೂ ಗೊತ್ತು. ಆದರೆ ದಿನಗೂಲಿ ಮುಗಿಸಿ ಕತ್ತಲಾದ ಮೇಲೆ ಸಂತೆಗೆ ಬರುವವಳಿಗೆ ಆರಿಸಲು ಉಳಿದಿರುವುದು ಬೆಳಗಿನಿಂದ ನೀರು ಚಿಮುಕಿಸಿದ ಬಾಡಿದ ಸಿವುಡು ಮಾತ್ರ. ಸೋಸಿ, ತೊಳೆದು, ಬೇಳೆ ನುಚ್ಚಿನ ಜೊತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಲು ಒಂದು ತಾಸಾದರೂ ಬೇಕು. ಆ ತಾಸನ್ನು ಅವಳಿಗೆ ಯಾರು ಕೊಡುತ್ತಾರೆ? ಪುರವಣಿಯ ಲೇಖನ ಅದನ್ನು ಹೇಳುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತೊಗರಿ ಬೀಜದ ಜೊತೆ ಒಂದು ಹಿಡಿ ಪುಂಡಿ, ರಾಜಗಿರಿ ಬೀಜವೂ ರೈತನ ಕೈಗೆ ಬರಲಿ. ಶಾಲೆಯ ತೋಟಕ್ಕೆ ಮೊದಲು ಬೇಲಿ ಮತ್ತು ನಳ ಬರಲಿ, ಬೋರ್ಡು ಆಮೇಲೆ ಬರಲಿ. ಆಶ್ರಯ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಸುವವರು ಹಿತ್ತಲೆಂಬ ಪದವನ್ನೇ ನಕ್ಷೆಯಿಂದ ಅಳಿಸಿದ್ದಾರೆ. ಮೊಹಲ್ಲಾಗಳಲ್ಲಂತೂ ಒಂದು ಕರಿಬೇವಿನ ಗಿಡಕ್ಕೂ ಜಾಗವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಿವೇಶನದ ಪಟ್ಟಿ ಓದುವಾಗ ಹೆಂಗಸರು ಎದ್ದುನಿಂತು ಎರಡು ಪ್ರಶ್ನೆ ಕೇಳಲಿ: ಮನೆಯ ಹಿಂದೆ ಎಷ್ಟು ಅಡಿ ಬಿಟ್ಟಿದ್ದೀರಿ? ಬಚ್ಚಲ ನೀರು ಹರಿದು ಹೋಗುವುದು ಅಲ್ಲಿಗೋ, ರಸ್ತೆಗೋ?