ಗುಜರಿಗೆ ಹೋಗುವ ಕತ್ತಿ, ಬರಿದಾಗುವ ಬೆಟ್ಟ

ಮಳೆಗಾಲ ಮುಗಿಯುತ್ತಿದ್ದಂತೆ ಮಲೆನಾಡಿನ ಊರುಗಳಿಗೆ ಗುಜರಿ ವ್ಯಾಪಾರಿಯ ವಾಹನ ಹತ್ತಿ ಬರುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕು ತಿಂಗಳು ತೇವ ಕುಡಿದು ಕೆಂಪೇರಿದ ಕತ್ತಿ, ಗುದ್ದಲಿ, ಕೊಡಲಿ, ಉಳಿ, ಗರಗಸಗಳು ಕಿಲೋ ಲೆಕ್ಕದಲ್ಲಿ ತಕ್ಕಡಿ ಏರುತ್ತವೆ. ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದವರಿತು ನೀರಿಗದ್ದಿ ಮೂಡಿಸಿದ ಬಾಯಿಗೆ ಅಲ್ಲಿ ಕವಡೆಯ ಕಿಮ್ಮತ್ತಿಲ್ಲ. ಆ ಪುಡಿಗಾಸಿಗೆ ಇನ್ನಷ್ಟು ಸೇರಿಸಿ ಪೇಟೆಯಿಂದ ತಂದ ತೆಳು ಕತ್ತಿ ಎರಡು ಮಳೆಗಾಲ ಬಾಳಿದರೆ ಹೆಚ್ಚು. ಇದಕ್ಕೆ ‘ಅನುಕೂಲ’ ಎಂಬ ಹೆಸರು ಬೇರೆ!

ಕಬ್ಬಿಣವು ಅಂಗಡಿಯಲ್ಲಿ ಹುಟ್ಟುವ ವಸ್ತುವಲ್ಲ. ಊದುಕುಲುಮೆಯ ಮಾರ್ಗದಲ್ಲಿ 1 ಟನ್ ಉಕ್ಕು ತಯಾರಾಗಲು ಸುಮಾರು 1.4 ಟನ್ ಅದಿರು, ಜೊತೆಗೆ ಕಲ್ಲಿದ್ದಲು ಬೇಕು. ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಈ ಲೆಕ್ಕದ ಅರ್ಥವೇನೆಂಬುದನ್ನು ಕುದುರೆಮುಖ ತೋರಿಸಿಕೊಟ್ಟಿದೆ. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿಯು ಶೋಲಾ ಕಾಡು, ಹುಲ್ಲುಗಾವಲುಗಳ ನಡುವೆ ಬೆಟ್ಟವನ್ನು ಅಗೆಯಿತು. ಅದಿರು ಬೇರ್ಪಡಿಸಿ ಉಳಿದ ಹೂಳನ್ನು ತುಂಬಿಡಲೆಂದೇ ಲಕ್ಯಾ ಹೊಳೆಗೆ ಅಣೆಕಟ್ಟು ಬಂದಿತು. ಜನಹೋರಾಟ ಹಾಗೂ 2002ರ ಸುಪ್ರೀಂ ಕೋರ್ಟಿನ ತೀರ್ಪಿನ ಫಲವಾಗಿ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆದರೆ ಕಬ್ಬಿಣದ ಹಸಿವು ನಿಂತಿತೇ? ಗಣಿಯ ವಿರುದ್ಧ ಘೋಷಣೆ ಕೂಗಿದ ಸೀಮೆಯೇ ವರ್ಷವರ್ಷವೂ ಹೊಸ ಕತ್ತಿ ಕೊಳ್ಳುತ್ತಿದ್ದರೆ, ಅದರ ಅದಿರು ಸಂಡೂರಿನಿಂದಲೋ ಒಡಿಶಾದಿಂದಲೋ ಬರಲೇಬೇಕು. ತನ್ನ ಬೆಟ್ಟವನ್ನು ಉಳಿಸಿಕೊಂಡು ಪರರ ಬೆಟ್ಟವನ್ನು ತಿನ್ನುವುದು ಯಾವ ಪರಿಸರನೀತಿ?

ತುಕ್ಕು ಎಂದರೆ ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ಆಗುವ ಆಕ್ಸೈಡು. ಅದು ಸಡಿಲವಾಗಿ ಹಕ್ಕಳೆಯೇಳುವುದರಿಂದ ಒಳಗಿನ ಲೋಹಕ್ಕೆ ರಕ್ಷಣೆ ಕೊಡದು, ಬಿಟ್ಟಷ್ಟೂ ಆಳಕ್ಕಿಳಿಯುತ್ತದೆ. ಆದರೆ ಬಹುತೇಕ ಹತಾರಗಳಲ್ಲಿ ಅದು ಮೇಲ್ಮೈಯ ರೋಗ ಮಾತ್ರ. ಕೆಂಪನ್ನು ಕಂಡೊಡನೆ ಹತಾರ ಸತ್ತಿತೆಂದು ತಿಳಿಯುವುದು, ನೆಗಡಿ ಬಂದವನಿಗೆ ಚಟ್ಟ ಕಟ್ಟಿದಂತೆ.

ಇನ್ನು ಕೆಲವರದು ಅವಸರದ ಚಿಕಿತ್ಸೆ. ಕಕ್ಕಸು ತೊಳೆಯುವ ಆ್ಯಸಿಡ್ಡಿಗೆ ಕತ್ತಿಯನ್ನು ಅದ್ದಿದರೆ ತುಕ್ಕು ನಿಮಿಷಗಳಲ್ಲಿ ಕರಗುವುದು ನಿಜ. ಆ ಹೈಡ್ರೋಕ್ಲೋರಿಕ್ ಆಮ್ಲವು ತುಕ್ಕಿನೊಡನೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಅದರ ಹಬೆ ಶ್ವಾಸಕೋಶವನ್ನು ಸುಡುವುದಲ್ಲದೆ ಕೋಣೆಯ ಇತರ ಹತಾರಗಳಿಗೂ ತುಕ್ಕು ಹಿಡಿಸುತ್ತದೆ. ಕೊನೆಗೆ ಆ ಹಳದಿ ನೀರನ್ನು ಚೆಲ್ಲುವುದೆಲ್ಲಿ? ತೋಟದ ಅಂಚಿನ ಹಳ್ಳಕ್ಕೆ. ಕೆಳಗಿನ ಮನೆಯವರು ಕುಡಿಯುವುದು ಅದೇ ಹಳ್ಳದ ನೀರನ್ನು. ಗ್ರೈಂಡರ್ ಯಂತ್ರವೂ ಸಾಧುವಲ್ಲ: ಅಲಗು ಕಾದು ನೀಲಿಗಟ್ಟಿದರೆ ಅದರ ಹದವೇ ಇಳಿದುಹೋಗುತ್ತದೆ.

ಮಲೆನಾಡಿನ ಅಡುಗೆಮನೆಯಲ್ಲಿಯೇ ಮದ್ದಿದೆ. ಹುಣಸೆಯಲ್ಲಿ ಟಾರ್ಟಾರಿಕ್, ನಿಂಬೆಯಲ್ಲಿ ಸಿಟ್ರಿಕ್, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲಗಳಿವೆ. ಇವು ತುಕ್ಕನ್ನು ಮೆಲ್ಲನೆ ಸಡಿಲಿಸಿ ಕರಗಿಸುತ್ತವೆ. ಮರದ ಹಿಡಿಯನ್ನು ಬಿಡಿಸಿ, ಎಣ್ಣೆ ಜಿಡ್ಡನ್ನು ಸೀಗೆಪುಡಿಯಿಂದ ತೊಳೆದು, ಹತಾರವನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಗಟ್ಟಿ ಹುಣಸೆರಸದಲ್ಲಿ ಮುಳುಗಿಸಿಡಬೇಕು. ಮೂರು ನಾಲ್ಕು ಗಂಟೆಗೊಮ್ಮೆ ತೆಗೆದು ತೆಂಗಿನನಾರು, ಇಟ್ಟಿಗೆಪುಡಿಗಳಿಂದ ಉಜ್ಜಬೇಕು. ಶುದ್ಧ ಲೋಹ ಕಂಡ ಮೇಲೆ ನೆನೆಯಲು ಬಿಡಬಾರದು. ಅಡುಗೆಸೋಡಾ ಕರಗಿಸಿದ ನೀರಿನಲ್ಲಿ ಜಾಲಿಸಿ ಹುಳಿಯನ್ನು ಕೊಲ್ಲಬೇಕು. ಒಡನೆಯೇ ಒರೆಸಿ, ಬಿಸಿಲಿನಲ್ಲೋ ಒಲೆಯ ಬದಿಯಲ್ಲೋ ಬೆಚ್ಚಗೆ ಒಣಗಿಸಿ ಎಣ್ಣೆ ಸವರಬೇಕು. ಬೆಂಕಿಗೆ ಮಾತ್ರ ಇಡಬಾರದು. ಕೊನೆಯಲ್ಲಿ ಮಸೆಗಲ್ಲು. ಆಳವಾಗಿ ಗುಳಿಬಿದ್ದ, ಬಿರುಕುಬಿಟ್ಟ ಹತಾರವಿದ್ದರೆ ಅದು ಕುಲುಮೆಗೆ ಹೋಗಲಿ. ಗುಜರಿಯ ಸರದಿ ಕಟ್ಟಕಡೆಯದು.

ಗುಜರಿಯ ಕಬ್ಬಿಣವೂ ಕರಗಿ ಮತ್ತೆ ಉಕ್ಕಾಗುತ್ತದಲ್ಲವೇ ಎಂದು ವಾದಿಸುವವರುಂಟು. ಆಗುತ್ತದೆ, ಅದಿರನ್ನು ಅಗೆಯುವುದಕ್ಕಿಂತ ಅದು ಮೇಲೂ ಹೌದು. ಆದರೆ ಕರಗಿಸಲು 1,500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖ ಬೇಕು. ತುಕ್ಕು ತೆಗೆಯಲು ಒಂದು ಹಿಡಿ ಹುಣಸೆಹಣ್ಣು ಮತ್ತು ಒಂದು ದಿನದ ತಾಳ್ಮೆ ಸಾಕು. ಕರಗಿದ ಕತ್ತಿ ಕಾಂಕ್ರೀಟಿನ ಸರಳಾಗಬಹುದು. ಅಜ್ಜನ ಕೈಗೆ, ಆ ತೋಟದ ಇಳಿಜಾರಿಗೆ ಒಪ್ಪುವಂತೆ ಬಾಗಿದ ಕತ್ತಿಯಾಗಿ ಅದೆಂದೂ ಮರಳದು.

ವಿಜ್ಞಾನ ತರಗತಿಯಲ್ಲಿ ತುಕ್ಕಿನ ಸಮೀಕರಣವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಬಾರಿ ಮನೆಯ ಒಂದು ಕತ್ತಿಯ ಮೇಲೆ ಅದನ್ನು ಪರೀಕ್ಷಿಸಲಿ. ಯುವಕ ಸಂಘಗಳು ಮಳೆಗಾಲಕ್ಕೆ ಮುನ್ನ ಊರ ಹತಾರಗಳಿಗೆಲ್ಲ ಎಣ್ಣೆ ಸವರುವ ದಿನವೊಂದನ್ನು ಗೊತ್ತುಮಾಡಲಿ. ಉಳಿದಿರುವ ಕಮ್ಮಾರರಿಗೆ ಕೆಲಸ ಕೊಡಲಿ. ಬೆಟ್ಟದ ಪರವಾಗಿ ಭಾಷಣ ಮಾಡುವವರ ಮನೆಯ ಕೊಟ್ಟಿಗೆಯನ್ನು ಜನ ಮೊದಲು ನೋಡಲಿ.