ಮಾನ ಹೋದುದು ಯಾರದು?

ಹಾಸನದ ಲೋಕಸಭಾ ಸದಸ್ಯನಾಗಿದ್ದ ಪ್ರಜ್ವಲ್ ರೇವಣ್ಣನಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಅತ್ಯಾಚಾರದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ಎದುರು ನಿಂತು ಸಾಕ್ಷಿ ನುಡಿದವಳು ಮನೆಗೆಲಸದ ಹೆಂಗಸು. ಆಕೆಯ ಸೀರೆಯೂ ಸಾಕ್ಷ್ಯವಾಯಿತು. ಆ ಎದೆಗಾರಿಕೆಗೆ ನಾವು ತಲೆಬಾಗುತ್ತೇವೆ.

ಆದರೆ ಉಳಿದ ಹೆಂಗಸರು? 2024ರ ಏಪ್ರಿಲಿನಲ್ಲಿ, ಮತದಾನದ ಹೊಸ್ತಿಲಲ್ಲಿ, ಅವರ ಮುಖವನ್ನೂ ಮರೆಮಾಡದೆ ಆ ಚಿತ್ರಗಳನ್ನು ಪೆನ್‌ಡ್ರೈವಿಗೆ ತುಂಬಿ ಹಾಸನದ ಬೀದಿಗಳಲ್ಲಿ ಚೆಲ್ಲಲಾಯಿತು. ಚುನಾವಣೆಯ ಜಿದ್ದಿಗೆ ಹೆಂಗಸರ ಬದುಕೇ ಬೇಕಾಗಿತ್ತೆ? ಕೈಯಿಂದ ಕೈಗೆ ದಾಟಿಸಿ ನೋಡಿದವರಲ್ಲಿ ದುಡಿಯುವವರೂ ಇದ್ದರು, ವ್ಯಾಪಾರಸ್ಥರೂ ಇದ್ದರು. ಎಲ್ಲವನ್ನೂ ಧಣಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ನೊಂದವರ ನೆನಪಿಗೆ ಮೇಣದಬತ್ತಿ ಆಮೇಲೆ ಹಚ್ಚೋಣ. ಯಾರ ಫೋನಿನಲ್ಲಿ ಆ ಚಿತ್ರ ಇನ್ನೂ ಇದೆಯೋ ಅವರು ಮೊದಲು ಅಳಿಸಿಹಾಕಲಿ.

ಆಕೆ ನ್ಯಾಯಾಲಯದವರೆಗೆ ಹೋದಳು. ನಮ್ಮ ವನಗೂರು ಸೀಮೆಯ ತೋಟದಲ್ಲಿ ಕಾಫಿ ಕೊಯ್ಯುವ ಹೆಣ್ಣಾಳು ರೈಟರ ಮೇಲೋ ಮೇಸ್ತ್ರಿಯ ಮೇಲೋ ದೂರಿದ್ದರೆ ಯಾರಲ್ಲಿಗೆ ಹೋಗಬೇಕು? ಹತ್ತು ಮಂದಿ ದುಡಿಯುವ ಕಡೆಯೆಲ್ಲ ದೂರು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಅದಕ್ಕಿಂತ ಕಡಿಮೆ ಆಳುಗಳಿದ್ದಲ್ಲಿಗೂ ಮನೆಗೆಲಸದವರಿಗೂ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಮ್ಮ ಗಿರಣಿಯಲ್ಲಿ ಅದು ಯಾವ ಗೋಡೆಯ ಮೇಲಿದೆ? ಈ ವಾರ ಮಾಲೀಕರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ನಮಗೆ ಬರೆದು ಕಳಿಸಿ.