ಹೆಣ್ಣುಮಗಳು ಒಬ್ಬಳೇ ಗಾಯನ ಕೇಳಲು ಹೋಗಕೂಡದೇ?

ಹಳೆಯ ವಿದ್ಯಾರ್ಥಿನಿಯರು ಸ್ಮರಣ ಸಂಚಿಕೆಗೆ ಏನಾದರೊಂದು ಬರೆದು ಕಳುಹಿಸತಕ್ಕದ್ದೆಂದು ಸಂಪಾದಕ ಮಂಡಲಿಯವರ ಪತ್ರ ಬಂದಾಗ, ಶಾಲೆಯ ದಿನಗಳ ನೆನಪುಗಳನ್ನೇ ಬರೆಯಬೇಕೆಂದು ಮೊದಲು ಯೋಚಿಸಿದೆನು. ಆದರೆ ಅಂಥ ಲೇಖನಗಳು ಇತರ ಸಹೋದರಿಯರಿಂದ ಬೇಕಾದಷ್ಟು ಬಂದೇ ಬರುವುವು. ಆದುದರಿಂದ ನಾನು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತೇನೆ. ಸಂಗೀತದಲ್ಲಿ ಅಭಿರುಚಿಯುಳ್ಳ ಹೆಣ್ಣುಮಗಳೊಬ್ಬಳು, ಜೊತೆಗೆ ತಂದೆಯಾಗಲಿ ಗಂಡನಾಗಲಿ ಗೆಳತಿಯಾಗಲಿ ಇಲ್ಲದೆ, ತಾನೊಬ್ಬಳೇ ಕಛೇರಿಗೆ ಹೋಗಿ, ಕುಳಿತು, ಕೇಳಿ, ಮನೆಗೆ ಬರಬಹುದೇ, ಕೂಡದೇ?

ಬರಬಹುದೆಂಬುದೇ ನನ್ನ ಅಭಿಪ್ರಾಯ. ಆದರೆ ಈ ಅಭಿಪ್ರಾಯಕ್ಕೆ ನಾನು ಬಹಳ ತಡವಾಗಿ ಬಂದವಳು. ತಡವಾದುದರಿಂದ ಕಳೆದುಕೊಂಡುದೂ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಹಡಗಲಿ ಸೀಮೆಯದು. ಧಾರವಾಡದ ಆಕಾಶವಾಣಿ ನಿಲಯವು ೧೯೫೦ರಲ್ಲಿ ಆರಂಭವಾಯಿತಷ್ಟೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ನಮ್ಮ ಪಡಸಾಲೆಗೂ ಒಂದು ರೇಡಿಯೋ ಬಂದಿದ್ದಿತು. ಅದರಲ್ಲಿ ಗಂಗೂಬಾಯಿ ಹಾನಗಲ್ಲರ ಗಾಯನ ಬಂದರೆ ತಾಯಿಯವರು ಒಲೆಯ ಉರಿ ತಗ್ಗಿಸಿ, ಹಿಟ್ಟಿನ ಕೈಯಲ್ಲಿಯೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಡುತ್ತಿರುವವರು ಗಂಡಸರೇನೋ ಎಂದು ಹೊಸಬರು ಭ್ರಮಿಸುವಂಥ ಆ ಗಂಭೀರ ಕಂಠವನ್ನು ಒಂದು ಸಲವಾದರೂ ಎದುರಿಗೆ ಕುಳಿತು ಕೇಳಬೇಕೆಂಬ ಆಸೆ ನನ್ನಲ್ಲಿ ಆಗಲೇ ಹುಟ್ಟಿದ್ದು. ಆಕೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯೇನು ಕಾಶಿಯಲ್ಲ, ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಸೇರಬಹುದಾದ ಊರು. ಆದರೆ ಮೊದಲು ತಂದೆಯವರಿಗೆ ಪುರಸೊತ್ತಿರಲಿಲ್ಲ. ಮದುವೆಯಾದ ಮೇಲೆ, ಸಂಗೀತವೆಂದರೆ ನಿದ್ದೆ ಬರುತ್ತಿದ್ದ ನಮ್ಮ ಯಜಮಾನರನ್ನು (ಬಹಳ ಒಳ್ಳೆಯವರು, ಈ ಒಂದು ವಿಷಯ ಬಿಟ್ಟು) ಅಷ್ಟು ದೂರ ಎಳೆದೊಯ್ಯಲು ನನಗೇ ಸಂಕೋಚವಾಗುತ್ತಿದ್ದಿತು. ಗೆಳತಿಯರಿಗೆ ಮಕ್ಕಳು ಮರಿ, ಅತ್ತೆ ಮಾವ. ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಎನ್ನುತ್ತ ವರ್ಷಗಳು ಉರುಳಿದವು. ೨೦೦೯ನೆಯ ಇಸವಿ ಜುಲೈ ೨೧ರಂದು ಆಕೆ ತೀರಿಕೊಂಡರು. ೯೬ ವರ್ಷಗಳ ತುಂಬುಬಾಳು. ನನಗಾಗಿಯೇ ಕಾದಿದ್ದರೋ ಎಂಬಷ್ಟು ದೀರ್ಘಕಾಲ ಆಕೆ ಬಾಳಿದರು, ನಾನು ಹೋಗಲಿಲ್ಲ. ಯಾರಾದರೂ ನನ್ನನ್ನು ತಡೆದಿದ್ದರೆ ಅವರ ಮೇಲೆ ಸಿಟ್ಟು ಮಾಡಿ ಸಮಾಧಾನಪಡಬಹುದಾಗಿದ್ದಿತು. ಯಾರೂ ತಡೆಯಲಿಲ್ಲ. ಜೊತೆಗೆ ಬರುವವರಿಗಾಗಿ ಕಾದೆನು, ಅಷ್ಟೆ.

ಅದೇ ಗಂಗೂಬಾಯಿಯವರು ಸಂಗೀತ ಕಲಿತ ಬಗೆಯನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಗುರುಗಳಾದ ಸವಾಯಿ ಗಂಧರ್ವರಿದ್ದದ್ದು ಕುಂದಗೋಳದಲ್ಲಿ. ಆಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಹೇಳಿಸಿಕೊಂಡು, ಮತ್ತೆ ರೈಲಿನಲ್ಲಿಯೇ ಹಿಂದಿರುಗುತ್ತಿದ್ದರು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಹುಡುಗಿಯೇ ಬೀದಿಯಲ್ಲಿ ನಡೆದು ಹೋಗುವಾಗ ಹಾಡುವವಳೆಂದು ಜನರಿಂದ ಹೀಯಾಳಿಸಿಕೊಂಡಳೆಂಬುದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಹಾಡು ಕಲಿಯುವುದಕ್ಕೆ ಅಷ್ಟು ಮಾತು ಕೇಳಿಸಿಕೊಂಡು ಒಬ್ಬರು ಹೋದರು. ಹಾಡು ಕೇಳುವುದಕ್ಕೆ, ಯಾರೂ ಒಂದು ಮಾತನ್ನೂ ಆಡದಿದ್ದಾಗಲೇ, ನಾನು ಹೋಗಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಹೆಂಗಸರು ಮನೆಯಿಂದ ಹೊರಬೀಳದವರೆಂದು ಯಾರೂ ಹೇಳಲಾರರು. ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವಕ್ಕೆ ದೂರದೂರದ ಊರುಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಭರತ ಹುಣ್ಣಿಮೆಯ ಸುಮಾರಿಗೆ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣೀಕ ನುಡಿಯುವಾಗ ಆ ಜನಸಾಗರದಲ್ಲಿ ಹೆಂಗಸರೆಷ್ಟು ಮಂದಿ! ಬಯಲಾಟವಾದರೆ ಚಾಪೆ ಕಂಬಳಿ ಹೊತ್ತುಕೊಂಡು ಹೋಗಿ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಿನವರೆಗೆ ಕುಳಿತಿರುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೇ ಎಷ್ಟೋ ಮಂದಿ ಶಿಕ್ಷಕಿಯರಾಗಿ, ದಾದಿಯರಾಗಿ, ಕಚೇರಿಯ ನೌಕರರಾಗಿ ಪ್ರತಿದಿನವೂ ಒಬ್ಬೊಬ್ಬರೇ ಊರಿಂದೂರಿಗೆ ಓಡಾಡಿದವರು. ಇದಾವುದಕ್ಕೂ ಆಕ್ಷೇಪಣೆಯಿಲ್ಲ. ಜಾತ್ರೆ ದೇವರ ಕೆಲಸ, ನೌಕರಿ ಹೊಟ್ಟೆಯ ಕೆಲಸ. ಆದರೆ ದೇವರಿಗೂ ಹೊಟ್ಟೆಗೂ ಸೇರದ, ಕೇವಲ ತನ್ನ ಮನಸ್ಸಿನ ಸಂತೋಷಕ್ಕಾಗಿ ಒಬ್ಬಳೇ ಹೊರಟೆನೆಂದರೆ, ಯಾರ ಜೊತೆಗೆ ಎಂಬ ಪ್ರಶ್ನೆ ಬಾಗಿಲಲ್ಲಿಯೇ ಅಡ್ಡ ನಿಲ್ಲುತ್ತದೆ.

ಸಂಗೀತದ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಚೂಪಾಗುವುದಕ್ಕೆ ಕಾರಣವೊಂದುಂಟು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಸೀಮೆಯು ದೇವದಾಸಿ ಪದ್ಧತಿ ಬೇರೂರಿದ್ದ ಸೀಮೆ. ಬಳ್ಳಾರಿ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿದ್ದಾಗ, ೧೯೪೭ರಲ್ಲಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾನೂನು ಬಂದಿತು. ೧೯೫೩ರಲ್ಲಿ ನಾವು ಮೈಸೂರಿಗೆ ಸೇರಿದೆವು. ೧೯೮೨ರಲ್ಲಿ ಕರ್ನಾಟಕ ಸರಕಾರವು ಮತ್ತೆ ಹೊಸ ಕಾನೂನು ಮಾಡಬೇಕಾಯಿತೆಂದರೆ ಮೊದಲನೆಯದರ ಫಲವೆಷ್ಟೆಂಬುದು ತಾನೇ ತಿಳಿಯುತ್ತದೆ. ಬಹುಕಾಲದವರೆಗೆ ನಾಲ್ಕು ಜನರೆದುರಿಗೆ ಹಾಡುವ ಹೆಂಗಸರು ಹೆಚ್ಚಾಗಿ ಆ ಮನೆತನಗಳವರು. ಕುಳಿತು ಕೇಳುವವರು ಗಂಡಸರು. ಸಂಸಾರಸ್ಥ ಹೆಂಗಸರ ಹಾಡು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ, ಹಸೆಮಣೆಯ ಮುಂದೆ. ನಮ್ಮ ಹರಪನಹಳ್ಳಿಯ ಭೀಮವ್ವನವರಂಥ ಹರಿದಾಸಿಯ ಪದಗಳು ಕೂಡ ಬೆಳೆದದ್ದು ಹೆಂಗಸರ ಬಾಯಿಂದ ಹೆಂಗಸರ ಕಿವಿಗೆ, ಮನೆಯೊಳಗೆ. ಹಾಡುವ ಹೆಣ್ಣಿನ ಮೇಲಿದ್ದ ಕೆಟ್ಟ ಮಾತು ಹೀಗಾಗಿ ಕೇಳಲು ಹೋಗುವ ಹೆಣ್ಣಿನ ಮೇಲೂ ಅಂಟಿಕೊಂಡಿತು.

ಈಗ ಕಾಲ ಎಲ್ಲಿಗೆ ಬಂದಿದೆ? ಬೀದಿಯಲ್ಲಿ ಹೀಯಾಳಿಸಿಕೊಂಡಾಕೆಯ ಹೆಸರನ್ನೇ ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಇಟ್ಟಿದ್ದಾರೆ. ಮಗಳು ಹಾಡುಗಾರ್ತಿಯೆಂದರೆ ತಾಯಿತಂದೆಗಳು ಹೆಮ್ಮೆಪಡುತ್ತಾರೆ. ವೇದಿಕೆಯ ಮೇಲೆ ಕುಳಿತ ಹೆಣ್ಣಿಗೆ ಇಷ್ಟು ಮರ್ಯಾದೆ ದೊರೆತಿರುವಾಗ, ಅವಳ ಮುಂದೆ ಕುಳಿತು ಕೇಳುವ ಹೆಣ್ಣು ಮಾತ್ರ ಇನ್ನೂ ಜೊತೆಯವರ ಲೆಕ್ಕ ಒಪ್ಪಿಸಬೇಕಾಗಿದೆ.

ನಾನು ಮೊದಲನೆಯ ಸಲ ಒಬ್ಬಳೇ ಹೋದದ್ದು ಯಜಮಾನರು ತೀರಿಕೊಂಡ ಮೇಲೆ, ಹಂಪಿಯ ಉತ್ಸವಕ್ಕೆ. ಹಡಗಲಿಯನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡಿದ್ದ ದಿವಂಗತ ಎಂ. ಪಿ. ಪ್ರಕಾಶರ ಪ್ರಯತ್ನದಿಂದ ಬೆಳೆದುಬಂದ ಉತ್ಸವವಾದುದರಿಂದ ನಮ್ಮವರಿಗೆ ಅದರಲ್ಲಿ ವಿಶೇಷ ಅಭಿಮಾನ. ಹೊಸಪೇಟೆಯಲ್ಲಿ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದೆನು. ಅವಳಿಗೆ ಮೊಣಕಾಲು ನೋವು. ನೀನು ಹೋಗಿ ಬಾರಕ್ಕ ಎಂದಳು. ದೊಡ್ಡ ವೇದಿಕೆಯಲ್ಲಿ ಸಿನಿಮಾ ಹಾಡುಗಳ ಗದ್ದಲ. ಅದನ್ನು ಬಿಟ್ಟು, ಶಾಸ್ತ್ರೀಯ ಸಂಗೀತವಿದ್ದ ಚಿಕ್ಕ ವೇದಿಕೆಯನ್ನು ಹುಡುಕಿಕೊಂಡು ಹೋದೆನು. ಕುರ್ಚಿಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗನು, ಅಮ್ಮಾ, ನಿಮ್ಮವರೆಲ್ಲಿ ಎಂದನು. ಅವನು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನೋ, ಹಿಂದೆ ಬರುತ್ತಿದ್ದಾರಪ್ಪ ಎಂದು ಹಸೀ ಸುಳ್ಳು ಹೇಳಿ, ಪಕ್ಕದ ಕುರ್ಚಿಯ ಮೇಲೆ ನನ್ನ ಕೈಚೀಲವನ್ನಿಟ್ಟು ಇಲ್ಲದವರಿಗಾಗಿ ಜಾಗ ಹಿಡಿದೆನು. ಅರವತ್ತು ದಾಟಿದ ಹೆಂಗಸು!

ಮೊದಲ ಕಾಲುಗಂಟೆ ನನಗೆ ಒಂದು ಸ್ವರವೂ ಕಿವಿಗೆ ಬೀಳಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿರುವರೆಂದು ತೋರಿತು. ನಿಜವಾಗಿ ಯಾರೊಬ್ಬರೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ನನಗಿಂತ ಹಿರಿಯರಾದ ಒಬ್ಬ ಅಮ್ಮನವರು ಬಂದು, ಇಲ್ಲಿ ಯಾರಾದರೂ ಬರುವವರಿದ್ದಾರೇನವ್ವ ಎಂದು ಕೇಳಿದರು. ಚೀಲ ತೆಗೆದುಕೊಂಡು, ಯಾರೂ ಇಲ್ಲ, ಕುಳಿತುಕೊಳ್ಳಿರಿ ಎಂದೆನು. ಅವರೂ ಒಬ್ಬರೇ ಬಂದಿದ್ದವರು. ತಮ್ಮ ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಒಂದು ಹಿಡಿ ಒಗ್ಗರಣೆಯ ಮಂಡಕ್ಕಿಯನ್ನು ನನ್ನ ಕೈಗೆ ಸುರಿದು, ಮತ್ತೆ ಕಛೇರಿ ಮುಗಿಯುವವರೆಗೆ ಒಂದು ಮಾತನ್ನೂ ಆಡಲಿಲ್ಲ.

ಗಾಯಕರು ಯಮನ್ ರಾಗವನ್ನು ವಿಲಂಬಿತ ಲಯದಲ್ಲಿ ಬೆಳೆಸುತ್ತಿದ್ದರು. ವಿಲಂಬಿತವೆಂದರೆ ತಾಳ್ಮೆಯ ಕೆಲಸ. ಒಂದೊಂದು ಸ್ವರವನ್ನೂ ತೀವ್ರ ಮಧ್ಯಮದವರೆಗೆ ಕೈಹಿಡಿದು ನಡೆಸಿಕೊಂಡು ಬರುವಾಗ ಅರ್ಧಗಂಟೆ ಹೋದದ್ದೇ ತಿಳಿಯದು. ಅದುವರೆಗೆ ನಾನು ಕೇಳಿದ್ದ ಸಂಗೀತವೆಲ್ಲ ಮನೆಯವರ ನಡುವೆ. ಜೊತೆಗೆ ಮನೆಯವರಿದ್ದರೆ ಹೆಂಗಸು ಎಲ್ಲಿ ಹೋದರೂ ಮನೆಯಲ್ಲಿಯೇ ಇದ್ದಂತೆ. ಇವರಿಗೆ ಹಸಿವೆಯಾಯಿತೋ, ಆ ಮಗುವಿಗೆ ಚಳಿಯಾಯಿತೋ, ಅವರು ಗಡಿಯಾರ ನೋಡಿದರೋ, ಎದ್ದುಬಿಡೋಣವೋ ಎಂದು ಅರ್ಧ ಕಿವಿ ಅತ್ತಲೇ ಇರುತ್ತದೆ. ಅಂದು ಎರಡು ಕಿವಿಗಳೂ ನನ್ನವೇ ಆಗಿದ್ದವು. ಇದು ನನಗೆ ಹಿಡಿಸಿತು, ಇದು ಹಿಡಿಸಲಿಲ್ಲ ಎಂದು ಯಾರ ಮುಖವನ್ನೂ ನೋಡದೆ ತೀರ್ಮಾನಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲೆಂದರೆ ಉತ್ಪ್ರೇಕ್ಷೆಯಲ್ಲ. ದ್ರುತದ ತಾನಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ನಾನು ತಟ್ಟಲಿಲ್ಲ.

ಕೂಡಿ ಕೇಳುವುದರಲ್ಲಿ ಸುಖವಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ಸುತ್ತ ನಿಂತು ನಾವೆಲ್ಲ ಒಂದೇ ಕೊರಳಿನಿಂದ ಹಾಡಿದ್ದನ್ನು ಮರೆತವರುಂಟೇ? ಮನೆಯಲ್ಲಿ ಫೋನಿನಲ್ಲಿಯೇ ಬೇಕಾದವರ ಗಾಯನ ಸಿಕ್ಕುವಾಗ ಇಷ್ಟು ತೊಂದರೆ ಏತಕ್ಕೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಫೋನಿನ ಗಾಯನವನ್ನು ಒಲೆಯ ಮೇಲಿನ ಹಾಲು ಉಕ್ಕಿದಾಗ ನಿಲ್ಲಿಸಬೇಕಾಗುತ್ತದೆ.

ಆದರೆ ತಾಯಿತಂದೆಗಳ ಭಯವನ್ನು ಹೀಗೆ ನಕ್ಕು ತಳ್ಳಿಹಾಕಲಾಗದು. ಅವರು ಅಂಜುವುದು ಸಂಗೀತಕ್ಕಲ್ಲ, ಹಿಂದಿರುಗುವ ದಾರಿಗೆ. ೨೦೨೩ನೆಯ ಇಸವಿ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣ ಬೇಡವಾಯಿತು. ಇದರಿಂದ ಮನೆಯಲ್ಲಿ ಬಸ್ಸಿನ ಹಣಕ್ಕೆ ಕೈಯೊಡ್ಡುವುದು ತಪ್ಪಿತು. ನನ್ನ ಕಾಲದಲ್ಲಿ ಅರ್ಧ ಆಸೆಗಳು ಸತ್ತದ್ದು ಅಲ್ಲಿಯೇ. ಆದರೆ ಹಣವಿಲ್ಲದೆ ಹತ್ತಬಹುದಾದ ಬಸ್ಸು ರಾತ್ರಿ ಹತ್ತೂವರೆಗೆ ನಿಲ್ದಾಣದಲ್ಲಿರಬೇಕಲ್ಲ? ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಗೆ ರೈಲುದಾರಿಯಾದರೂ ಉಂಟು; ಕೂಡ್ಲಿಗಿ, ಹಡಗಲಿಯವರಿಗೆ ಬಸ್ಸೇ ಗತಿ. ಕಛೇರಿ ಆರಕ್ಕೆಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸಿ, ಗಣ್ಯರ ಭಾಷಣಗಳಲ್ಲಿ ಎರಡು ಗಂಟೆ ಕಳೆದು, ಎಂಟಕ್ಕೆ ತಂಬೂರಿ ಶ್ರುತಿ ಮಾಡಿಸಿದರೆ ಹೊರಊರಿನ ಹೆಣ್ಣುಮಗಳು ಏನು ಮಾಡಬೇಕು? ಆಲಾಪ ಮುಗಿಯುವ ಮೊದಲೇ ಚಪ್ಪಲಿ ಹುಡುಕಬೇಕು.

ಆದುದರಿಂದ ನಮ್ಮ ಊರುಗಳಲ್ಲಿ ಗಾಯನ ಏರ್ಪಡಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಕಛೇರಿಯನ್ನು ಮಧ್ಯಾಹ್ನ ಮೂರಕ್ಕೆ ಇಡಿರಿ, ಇಲ್ಲವೆ ಇರುಳೆಲ್ಲ ನಡೆಸಿರಿ. ಮಧ್ಯಾಹ್ನವಿಟ್ಟರೆ ಹೆಂಗಸರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವರೆಂಬುದೊಂದೇ ಲಾಭವಲ್ಲ. ಹಿಂದೂಸ್ಥಾನಿ ಪದ್ಧತಿಯಲ್ಲಿ ರಾಗಕ್ಕೆ ವೇಳೆಯ ಕಟ್ಟು ಇರುವುದಷ್ಟೆ. ಎಲ್ಲ ಕಛೇರಿಗಳನ್ನೂ ಸಂಜೆಗೇ ಇಟ್ಟುದರ ಫಲವಾಗಿ ಭೀಮಪಲಾಸಿ, ಮುಲ್ತಾನಿ, ವೃಂದಾವನಿ ಸಾರಂಗದಂಥ ಹಗಲಿನ ರಾಗಗಳನ್ನು ಎದುರಿಗೆ ಕುಳಿತು ಕೇಳುವುದೇ ಅಪರೂಪವಾಗಿದೆ. ಹೆಂಗಸರಿಗೆ ಅನುಕೂಲ ಮಾಡಿಕೊಟ್ಟರೆ ಗಂಡಸರಿಗೂ ಮುಲ್ತಾನಿ ಸಿಕ್ಕೀತು. ಇರುಳೆಲ್ಲ ನಡೆಯುವ ಗಾಯನವಂತೂ, ಕೇಳುವವರಿಗೆ ಆಶ್ಚರ್ಯವಾದರೂ, ಒಬ್ಬಂಟಿ ಹೆಣ್ಣಿಗೆ ಹೆಚ್ಚು ಕ್ಷೇಮವೆಂದೇ ನನ್ನ ಮತ. ನಡುರಾತ್ರಿಯಲ್ಲಿ ಬೀದಿಗಿಳಿಯುವ ಪ್ರಮೇಯವೇ ಇಲ್ಲ; ದೀಪಗಳ ಬೆಳಕಿನಲ್ಲಿ ನೂರಾರು ಜನರ ನಡುವೆ ಕುಳಿತು, ಬೆಳಗಾದ ಮೇಲೆ ಮೊದಲ ಬಸ್ಸು ಹಿಡಿಯಬಹುದು. ಬಯಲಾಟದಲ್ಲಿ ನಮ್ಮ ತಾಯಂದಿರು ಮಾಡಿದ್ದೂ ಇದನ್ನೇ.

ಇಷ್ಟೆಲ್ಲ ಬರೆಯುತ್ತಿರುವ ನನ್ನ ಯೋಗ್ಯತೆಯನ್ನೂ ಹೇಳಿಬಿಡುವುದು ನ್ಯಾಯ. ನನ್ನ ಮೊಮ್ಮಗಳು ಇದೇ ಶಾಲೆಯಲ್ಲಿ ಓದಿದವಳು; ಈಗ ಕಾಲೇಜಿನಲ್ಲಿದ್ದಾಳೆ. ಪಂಚಾಕ್ಷರಿ ಗವಾಯಿಗಳು ದೇಹಬಿಟ್ಟದ್ದು ೧೯೪೪ರ ಜೂನ್ ತಿಂಗಳಲ್ಲಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಪುಣ್ಯಸ್ಮರಣೆಗೆ ಗಾಯಕರೆಲ್ಲ ಬಂದು ಹಾಡುವುದು ನಮ್ಮ ಕಡೆಯವರಿಗೆ ತಿಳಿದೇ ಇದೆ; ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಮುಂಡರಗಿಯ ಮೇಲೆ ಹೋದರೆ ಗದಗು. ಈ ಜೂನಿನಲ್ಲಿ ತಾನೊಬ್ಬಳೇ ಅಲ್ಲಿಗೆ ಹೋಗಿ ರಾತ್ರಿಯೆಲ್ಲ ಕುಳಿತು ಕೇಳುವೆನೆಂದು ಅವಳು ಹೇಳಿದಳು. ಯಾರ ಜೊತೆಗೆ ಎಂಬ ಮಾತು ನನ್ನ ಬಾಯಿಂದಲೇ ಬಂದಿತು. ಹುಡುಗಿ ಸಿಟ್ಟಾಗಲಿಲ್ಲ. ಅಜ್ಜಿ, ನೀನು ಹಂಪಿಗೆ ಯಾರ ಜೊತೆಗೆ ಹೋಗಿದ್ದಿ ಎಂದು ಮಾತ್ರ ಕೇಳಿದಳು.

ಅವಳ ತಂದೆ ಇನ್ನೂ ಒಪ್ಪಿಲ್ಲ. ದಿನಕ್ಕೆರಡು ಸಲ ಅವನೊಡನೆ ಮಾತಾಡುತ್ತಿದ್ದೇನೆ. ಅವಳಾಗಲೇ ಬೆಳಗಿನ ಬಸ್ಸಿನ ವೇಳೆಯನ್ನು ಕೇಳಿ ಬರೆದುಕೊಂಡು ಬಂದಿದ್ದಾಳೆ. ಬುತ್ತಿಗೆ ಸಜ್ಜೆರೊಟ್ಟಿ, ಶೇಂಗಾಚಟ್ನಿ ಸಾಕಂತೆ. ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತೇನೆಂದಿದ್ದೇನೆ. ಪಕ್ಕದಲ್ಲಿ ಯಾರು ಬಂದು ಕುಳಿತುಕೊಳ್ಳುವರೋ ತಿಳಿಯದು.